ಸಮವಸ್ತ್ರವೂ ಸ್ವತಂತ್ರ ಮನಸ್ಸೂ

ಶಾಲೆಗೆ ಶಿಸ್ತು ಅವಶ್ಯವೆಂಬುದರಲ್ಲಿ ಎರಡು ಮಾತಿಲ್ಲ. ಸಿರಿವಂತನ ಮಗನೂ ಕೂಲಿಕಾರನ ಮಗನೂ ಒಂದೇ ಸಾಲಿನಲ್ಲಿ ಕುಳಿತಾಗ ತೊಟ್ಟ ಬಟ್ಟೆಯು ಅವರವರ ಮನೆಯ ಸ್ಥಿತಿಯನ್ನು ಸಾರಬಾರದು. ಸಮವಸ್ತ್ರದ ಮೂಲೋದ್ದೇಶವೇ ಇದು. ದಾನಿಗಳು ಬಡ ಮಕ್ಕಳಿಗೆ ಬಟ್ಟೆ ಒದಗಿಸುವುದು ಈ ಸಮಾನತೆಯ ಸಲುವಾಗಿಯೇ. ಕರ್ನಾಟಕದಲ್ಲಿ 1995ರಲ್ಲಿ ರಚಿತವಾದ ಶಿಕ್ಷಣ ಸಂಸ್ಥೆಗಳ ನಿಯಮಗಳ ಮೇರೆಗೆ, ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಪಾಲಕರಿಗೆ ಒಂದು ವರ್ಷ ಮುಂಚಿತವಾಗಿ ತಿಳಿಸತಕ್ಕದ್ದು. ಪಾಲಕರ ಕೈಬಲವನ್ನು ಕಂಡು ಮಾಡಿದ ಕಟ್ಟಳೆಯೆಂದೇ ಇದನ್ನು ತಿಳಿಯಬೇಕು.

ಆದರೆ ಉಡುಪನ್ನು ಒಂದಾಗಿಸುವ ಅಧಿಕಾರ ಶಾಲೆಗೆ ಇದೆಯೆಂದಮಾತ್ರಕ್ಕೆ ಮನಸ್ಸುಗಳನ್ನೂ ಒಂದೇ ಅಚ್ಚಿನಲ್ಲಿ ಎರೆಯುವ ಅಧಿಕಾರ ಬಂದಂತಾಗದು. ಅಮೆರಿಕದ ಡಿಮಾಯ್ನ್ ನಗರದಲ್ಲಿ 1965ರ ಡಿಸೆಂಬರಿನಲ್ಲಿ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಅವರಲ್ಲಿ ಮೇರಿ ಬೆತ್ ಟಿಂಕರ್ ಎಂಬ ಬಾಲಕಿಗೆ 13 ವರ್ಷ. ಅವರನ್ನು ಶಾಲೆಯಿಂದ ಹೊರಗಿಡಲಾಯಿತು. 1969ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಏಳಕ್ಕೆ ಎರಡರ ಬಹುಮತದಿಂದ ಮಕ್ಕಳ ಪರವಾಗಿ ತೀರ್ಪಿತ್ತಿತು. ಕೇವಲ ಗದ್ದಲವಾದೀತೆಂಬ ಅಂಜಿಕೆಯಿಂದ, ಪಾಠಕ್ಕೆ ಗಣನೀಯ ಅಡ್ಡಿಯಾಗುವ ಆಧಾರವಿಲ್ಲದೆ, ವಿದ್ಯಾರ್ಥಿಯ ಅಭಿಪ್ರಾಯವನ್ನು ಅಡಗಿಸಬಾರದೆಂಬುದು ಅದರ ಸಾರ. ಲಂಗದ ಉದ್ದ, ಕೇಶವಿನ್ಯಾಸ ಮುಂತಾದ ನಿಯಮಗಳ ಪ್ರಶ್ನೆ ಇದಲ್ಲವೆಂದೂ ಅದು ಸ್ಪಷ್ಟಪಡಿಸಿತು.

ಭಾರತದಲ್ಲಿಯೂ ಇಂಥ ಪ್ರಸಂಗ ಒದಗಿತ್ತು. 1985ರಲ್ಲಿ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರೂ ಧರ್ಮಶ್ರದ್ಧೆಯ ಕಾರಣ ಹಾಡುತ್ತಿರಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟರು. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಮುಂದೆ 2022ರಲ್ಲಿ ಕರ್ನಾಟಕದ ಹಿಜಾಬ್ ವಿವಾದದಲ್ಲಿ ಉಚ್ಚ ನ್ಯಾಯಾಲಯವು ಮಾರ್ಚ್ 15ರಂದು ಸರ್ಕಾರದ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು; ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನು ನೀಡಿದರು. ಕಾನೂನಿನ ವಿವೇಚನೆ ನ್ಯಾಯಪೀಠಕ್ಕೆ ಸೇರಿದ್ದು. ಆದರೆ ಆ ದಿನಗಳಲ್ಲಿ ತರಗತಿಯ ಹೊರಗುಳಿದ ಹೆಣ್ಣುಮಕ್ಕಳಿಗೆ ತಪ್ಪಿಹೋದ ಪಾಠಗಳ ಚಿಂತೆ ಮಾತ್ರ ಶಿಕ್ಷಕರಿಗೇ ಸೇರಿದ್ದು.

ಒಬ್ಬರಿಗೆ ಸಡಿಲು ಬಿಟ್ಟರೆ ನೂರು ಜನ ಕೇಳುವರೆಂಬ ಆತಂಕ ಅನುಭವಿ ಮುಖ್ಯೋಪಾಧ್ಯಾಯರಲ್ಲಿರುವುದು ಸಹಜ. ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ನಿಯಮವನ್ನು ಅದರ ಉದ್ದೇಶದಿಂದಲೇ ಅಳೆಯಬೇಕು. ವಿದ್ಯಾರ್ಥಿಯ ನಡತೆಯಿಂದ ಸಮಾನತೆಗೆ ಕುಂದು ಬಂದಿತೇ, ಸಹಪಾಠಿಗಳ ಕಲಿಕೆ ಕೆಟ್ಟಿತೇ ಎಂದು ಮೊದಲು ವಿಚಾರಿಸಬೇಕು. ಎರಡೂ ಇಲ್ಲವಾದಲ್ಲಿ ಅವನನ್ನು ಬಾಗಿಲಾಚೆ ನಿಲ್ಲಿಸುವುದು ಶಿಸ್ತಿನ ಹೆಸರಿನಲ್ಲಿ ನಡೆಯುವ ಅನ್ಯಾಯ. ಒಗೆದ ಅಂಗಿ ಒಣಗಲಿಲ್ಲವೆಂದು ಬೇರೆ ಅಂಗಿ ತೊಟ್ಟು ಬಂದ ಬಡ ಹುಡುಗನನ್ನು ಮನೆಗೆ ಅಟ್ಟುವಾಗಲೂ ಆಗುವುದು ಇದೇ: ಯಾರ ಬಡತನವನ್ನು ಮರೆಮಾಡಲು ಸಮವಸ್ತ್ರ ಬಂದಿತೋ ಅವನೇ ಅದರಿಂದ ದಂಡನೆಗೆ ಗುರಿಯಾಗುತ್ತಾನೆ.

ಆದ್ದರಿಂದ ಉಡುಪಿನ ಕಾರಣಕ್ಕೆ ಯಾವ ಮಗುವಿಗೂ ಒಂದು ದಿನದ ಪಾಠವೂ ತಪ್ಪಕೂಡದೆಂಬ ನಿರ್ಧಾರವನ್ನು ಪ್ರತಿಯೊಂದು ವಿದ್ಯಾಸಂಸ್ಥೆಯೂ ಕೈಗೊಳ್ಳುವುದು ಉಚಿತ. ಅದರೊಂದಿಗೆ ಭಿತ್ತಿಪತ್ರಿಕೆ, ಚರ್ಚಾಕೂಟ, ವಿದ್ಯಾರ್ಥಿ ಸಂಸತ್ತುಗಳಲ್ಲಿ ಮಕ್ಕಳು ಹಿರಿಯರ ಅಭಿಪ್ರಾಯಕ್ಕೆ ವಿರುದ್ಧವಾದ ಮಾತನ್ನೂ ನಿರ್ಭಯವಾಗಿ ಆಡುವಂತಾಗಬೇಕು. ದಾನಿಗಳು ನೀಡಿದ ಬಟ್ಟೆಯೂ ಗುರುಗಳು ಪಟ್ಟ ಶ್ರಮವೂ ಸಾರ್ಥಕವಾಗುವುದು ಆಗಲೇ.