ಮುಸುರೆಯ ವಿಚಾರ

ನಮ್ಮ ಕನ್ನಡ ಮನೆಗಳಲ್ಲಿ ‘ಮುಸುರೆ’ ಎಂಬುದೊಂದು ಮಾತುಂಟು. ಬೆಂದ ಅನ್ನವನ್ನೋ ಸಾರನ್ನೋ ಮುಟ್ಟಿದ ಕೈ ಮುಸುರೆ. ಅದನ್ನು ತೊಳೆಯದೆ ಹಾಲು, ತುಪ್ಪ, ಉಪ್ಪಿನಕಾಯಿಗಳನ್ನು ಮುಟ್ಟಲಾಗದು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ಅಜ್ಜಿಯ ಗೊಣಗಾಟವೆಂದು ಮಾತ್ರ ಬಲ್ಲರು. ಕೆಲವರಿಗೆ ಮಾತೇ ತಿಳಿಯದು. ಈ ಮಾತನ್ನು ಮೂಢನಂಬಿಕೆಯ ಗಂಟಿನೊಡನೆ ಹೊರಕ್ಕೆಸೆಯಬಾರದೆಂಬುದು ನನ್ನ ಅಭಿಪ್ರಾಯ.

ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದಿರುವುದು ಉಪ್ಪು, ಹುಳಿ, ಎಣ್ಣೆಗಳ ಬಲದಿಂದ. ಅದರೊಳಕ್ಕೆ ಒಂದು ಅಗುಳೋ ಒದ್ದೆ ಚಮಚವೋ ಹೋದರೆ ಅಷ್ಟು ಜಾಗದಲ್ಲಿ ಬೂಷ್ಟಿಗೆ ನೆಲೆ ದೊರೆತಂತೆ. ಅಜ್ಜಿಗೆ ಸೂಕ್ಷ್ಮಜೀವಿಯ ಹೆಸರು ತಿಳಿದಿರಲಿಲ್ಲ, ಅದರ ಕೆಲಸ ತಿಳಿದಿತ್ತು. ಆದರೆ ಮುಸುರೆಯ ಪಕ್ಕದಲ್ಲಿಯೇ ಮಡಿ ಮೈಲಿಗೆಯ ವಿಧಿಯೂ ಬೆಳೆದು, ಒಲೆಯ ಬಳಿಗೆ ಯಾರು ಬರಬಹುದು, ಯಾರು ಬರಬಾರದು ಎಂಬುದನ್ನು ಹುಟ್ಟಿನಿಂದಲೇ ನಿರ್ಣಯಿಸಿತು. ಅದನ್ನು ನಿಶ್ಚಯವಾಗಿಯೂ ಎಸೆಯಬೇಕು. ಸೂಕ್ಷ್ಮಜೀವಿಗೆ ಕುಲಗೋತ್ರಗಳ ಗೊಡವೆಯಿಲ್ಲ; ಸೋಪು ಹಚ್ಚಿ ತೊಳೆದ ಕೈ ಯಾರದಾದರೂ ಶುದ್ಧವೇ.

ಅನ್ನದ ವಿಷಯವನ್ನು ನೋಡಿರಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳಿರುವುದುಂಟು. ಕುದಿಯುವ ನೀರಿಗೂ ಅವು ಸಾಯವು. ಬೆಂದ ಅನ್ನ ಬೆಚ್ಚಗೆ ಬಿದ್ದಿದ್ದರೆ ಅವು ಮೊಳೆತು ವೃದ್ಧಿಯಾಗಿ ವಿಷವನ್ನು ಉಂಟುಮಾಡುತ್ತವೆ. ‘ಮತ್ತೆ ಬಿಸಿ ಮಾಡಿದರಾಯಿತು’ ಎನ್ನುವವರು ತಿಳಿಯಬೇಕಾದುದೆಂದರೆ, ವಾಂತಿ ತರಿಸುವ ಆ ವಿಷ ಬಿಸಿಗೆ ನಾಶವಾಗುವುದಿಲ್ಲ. 5ರಿಂದ 60 ಡಿಗ್ರಿಗಳ ನಡುವಿನ ಉಷ್ಣತೆ ಇಂಥ ಜೀವಿಗಳ ಬೆಳೆವಣಿಗೆಗೆ ಅನುಕೂಲ. ಈ ಊರಿನ ಬೇಸಿಗೆಯೋ 40 ಡಿಗ್ರಿಯನ್ನು ದಾಟುತ್ತದೆ! ಆದುದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿ ಮುಚ್ಚಿಡಬೇಕು. ಪಾತ್ರೆಗಟ್ಟಲೆ ಬಿಸಿ ಅನ್ನವನ್ನು ಹಾಗೆಯೇ ಒಳಗಿಟ್ಟರೆ ಅದರ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುತ್ತದೆ.

ಫ್ರಿಜ್ಜನ್ನು ಜನ ಅತಿಯಾಗಿ ನಂಬುತ್ತಾರೆ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ಕರೆಂಟು ಹೋದರೆ ಅದೂ ಇಲ್ಲ. ತಾಯಿತಂದೆಗಳಿಬ್ಬರೂ ದುಡಿಯಲು ಹೋಗುವ ಮನೆಗಳಲ್ಲಿ ಸಂಜೆ ನಾಲ್ಕೂವರೆಗೆ ಅದರ ಬಾಗಿಲನ್ನು ಮೊದಲು ತೆರೆಯುವವರು ನೀವು. ಯಾವ ಡಬ್ಬಿಯಲ್ಲಿ ಎಂದಿನ ಪಲ್ಯವಿದೆಯೆಂದು ನಿಮಗೆ ತಿಳಿದಿರಬೇಕಾದುದು ನ್ಯಾಯ. ಇದು ಹುಡುಗಿಯರ ಪಾಠವೆಂದು ಹುಡುಗರು ಪುಟ ತಿರುವದಿರಲಿ. ಹಸಿವೆ ಇಬ್ಬರಿಗೂ ಒಂದೇ.

ಇನ್ನು ಹಸಿ ಮೊಟ್ಟೆಯ ಮೇಯನೇಸು. ಆಹಾರದಿಂದ ಜನ ಅಸ್ವಸ್ಥರಾದ ಪ್ರಸಂಗಗಳ ನಂತರ ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ 30ರಂದು ಅದನ್ನು ಒಂದು ವರ್ಷದ ಅವಧಿಗೆ ನಿಷೇಧಿಸಿತು. ಅಂಗಡಿಗೆ ಸರ್ಕಾರದ ತನಿಖೆಯುಂಟು. ಮನೆಯ ಒಲೆಗೆ ಯಾವ ಅಧಿಕಾರಿಯೂ ಬರುವುದಿಲ್ಲ.

ಕಡೆಯದಾಗಿ ಶೇಂಗಾ. ರಾಯಚೂರು, ಕಲಬುರಗಿಗಳ ಕಡೆಯಿಂದ ಬಂದ ನಮ್ಮಂಥವರ ಮನೆಗೆ ಊರಿನಿಂದ ಜೋಳ, ಶೇಂಗಾಗಳ ಚೀಲ ಬರುವುದುಂಟು. ಶೇಂಗಾ ಹಿಂಡಿಯಿಲ್ಲದೆ ರೊಟ್ಟಿ ಇಳಿಯದು. ತೇವ ತಗುಲಿದ ಶೇಂಗಾದಲ್ಲಿಯೂ ಮೆಕ್ಕೆಜೋಳದಲ್ಲಿಯೂ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಟಾಕ್ಸಿನ್ ಎಂಬ, ಪಿತ್ತಜನಕಾಂಗವನ್ನು ಕೆಡಿಸುವ ವಿಷವನ್ನು ಬಿಡುತ್ತದೆ. ಹುರಿದರೂ ಅದು ಪೂರ್ತಿ ಹೋಗದು. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರ ಕಾರಣವನ್ನು ಶೋಧಿಸಿದವರು ನಮ್ಮ ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಈ ಊರಿಗೆ ಬಂದ ಆ ಸಂಸ್ಥೆಯೂ ನಮ್ಮಂತೆ ವಲಸೆ ಬಂದುದೇ! ಊರಿನಿಂದ ಬಂದುದನ್ನು ಚೆಲ್ಲಲು ಯಾರಿಗೂ ಮನಸ್ಸಾಗದು, ಅದು ಸಹಜ. ಚೀಲ ತೇವವಾಗುವ ಮೊದಲೇ ಕಾಳುಗಳನ್ನು ಮಾಳಿಗೆಯ ಬಿಸಿಲಿನಲ್ಲಿ ಹರಡಿ ಒಣಗಿಸಿ, ಸುಕ್ಕಿದವು, ಬಣ್ಣಗೆಟ್ಟವು, ಬೂಷ್ಟು ಹಿಡಿದವು ಇವನ್ನೆಲ್ಲ ಆರಿಸಿ ತೆಗೆದು, ಉಳಿದುದನ್ನು ಒಣ ಡಬ್ಬಿಗೆ ತುಂಬುವ ಕೆಲಸವನ್ನು ಒಂದು ಭಾನುವಾರದ ಮಧ್ಯಾಹ್ನ ನೀವೇ ಮಾಡಬಲ್ಲಿರಿ.