ಫ್ಲೈ ಎಸೆಯೋಕೆ ಫ್ಲೈ ರಾಡೇ ಬೇಕಾ?

ಉತ್ತರ ಅಮೆರಿಕದ ಕೆರೆ, ನದಿಗಳಲ್ಲಿ ಮಸ್ಕಿ ಅಂತ ಒಂದು ಬೇಟೆಗಾರ ಮೀನಿದೆ. ಮೀಟರಿಗೂ ಮೀರಿ ಬೆಳೆಯುತ್ತೆ, ಬಾಯಿ ತುಂಬ ಹಲ್ಲು. ಅಲ್ಲಿನ ಗಾಳಗಾರರು ಇದನ್ನು ‘ಹತ್ತು ಸಾವಿರ ಎಸೆತದ ಮೀನು’ ಅಂತಾರೆ. ಇದಕ್ಕಾಗಿ ಜಿಂಕೆ ಬಾಲದ ಕೂದಲು ಕಟ್ಟಿ ಅಡಿಯುದ್ದದ ‘ಫ್ಲೈ’ ಮಾಡ್ತಾರೆ. ಹೆಸರಿಗೆ ನೊಣ, ನೋಡೋಕೆ ಪೊರಕೆ! ಅದನ್ನು ಮಾಮೂಲಿ ಕಾಸ್ಟಿಂಗ್ ರಾಡಿನಲ್ಲಿ ಎಸೆದರೆ ಮೈಲಿಗೆ ಅನ್ನುವ ಮಡಿವಂತರೂ ಇದ್ದಾರೆ. ನಾವು ಒಪ್ಪಲ್ಲ. ನಮ್ಮಲ್ಲಿ ಯಾರೂ ಮಸ್ಕಿಯನ್ನು ಕಣ್ಣಾರೆ ಕಂಡಿಲ್ಲ, ನಿಜ. ಆದರೆ ಫ್ಲೂಯಿಡ್ಸ್ ಲ್ಯಾಬ್ ಮುಗಿಸಿದ್ದೀವಲ್ಲ.

ಫ್ಲೈ ರಾಡಿನಲ್ಲಿ ತೂಕ ಇರೋದು ದಾರದಲ್ಲಿ. 10ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 18 ಗ್ರಾಂ ತೂಗುತ್ತೆ. ದಾರ ಹಾರುತ್ತೆ, ಫ್ಲೈ ಹಿಂದೆ ಹೋಗುತ್ತೆ. ಕಾಸ್ಟಿಂಗ್ ರಾಡಿನಲ್ಲಿ ಉಲ್ಟಾ, ತುದಿಯ ತೂಕವೇ ದಾರವನ್ನು ಎಳ್ಕೊಂಡು ಹೋಗಬೇಕು. ಪೊರಕೆಗೆ ಮಾಸ್ ಕಡಿಮೆ, ಡ್ರ್ಯಾಗ್ ಜಾಸ್ತಿ. ಹೊರಟ ಕೂಡಲೇ ಅದರ ವೇಗ ಬೀಳುತ್ತೆ. ಸ್ಪೂಲ್ ಮಾತ್ರ ಜಡತ್ವದಿಂದ ತಿರುಗುತ್ತಲೇ ಇದ್ದು ದಾರ ಸಿಕ್ಕುಗಟ್ಟುತ್ತೆ. ರೀಲಿನ ಮ್ಯಾಗ್ನೆಟಿಕ್ ಬ್ರೇಕ್ (ಅದೇ ಎಡ್ಡಿ ಕರೆಂಟ್, ಮರೆತಿಲ್ಲ ತಾನೇ?) ಬಿಗಿ ಮಾಡಿದರೆ ಸಿಕ್ಕು ತಪ್ಪುತ್ತೆ, ಜೊತೆಗೆ ದೂರವೂ ತಪ್ಪುತ್ತೆ.

ಸೀಸ ಕಟ್ಟಬಹುದು. ಆದರೆ 30 ಗ್ರಾಂ ಸೀಸ ನೀರೊಳಗೂ 27 ಗ್ರಾಂ ತೂಗುತ್ತೆ, ಫ್ಲೈಯನ್ನು ತಳಕ್ಕೆ ಎಳೆಯುತ್ತೆ. ಫ್ಲೈಯ ಸೊಗಸೆಲ್ಲ ಇರೋದು ಎಳೆದು ನಿಲ್ಲಿಸಿದಾಗ ಕೂದಲು ಅರಳಿ, ನಡುನೀರಲ್ಲಿ ತೇಲಿ ನಿಲ್ಲೋದ್ರಲ್ಲಿ. ನಮಗೆ ಹಿಡಿಸಿದ್ದು ನೀರು ತುಂಬಿಸುವ ಪ್ಲಾಸ್ಟಿಕ್ ಬುರುಡೆ. ಫ್ಲೈಗಿಂತ ಒಂದೆರಡು ಅಡಿ ಮುಂದೆ ಕಟ್ಟಿದರೆ ಗಾಳಿಯಲ್ಲಿ ಪೂರ್ತಿ ಭಾರ, ನೀರಿಗೆ ಬಿದ್ದ ಮೇಲೆ ಹೆಚ್ಚುಕಮ್ಮಿ ಸೊನ್ನೆ. ಆರ್ಕಿಮಿಡೀಸನಿಗೆ ನಮಸ್ಕಾರ.

ಇದು ಬರೀ ಲೆಕ್ಕದ ಚಪಲ ಅಲ್ಲ. ಮಸ್ಕಿ ಹಿಡಿಯುವವರಲ್ಲಿ ಹೆಚ್ಚಿನವರು ಅದನ್ನು ವಾಪಸ್ ನೀರಿಗೇ ಬಿಡ್ತಾರೆ. ಮಾಮೂಲಿ ದೊಡ್ಡ ಪ್ಲಗ್‌ಗಳಲ್ಲಿ ಎರಡೋ ಮೂರೋ ಟ್ರೆಬಲ್ ಹುಕ್, ಅಂದರೆ ಆರು-ಒಂಬತ್ತು ಮೊನೆ. ಫ್ಲೈಯಲ್ಲಿ ಒಂದೋ ಎರಡೋ. ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿಟ್ಟರೆ ಬೇಗ ಬಿಡಿಸಬಹುದು. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಬೇಸಿಗೆಯಲ್ಲಿ ಒಂದೊಂದು ನಿಮಿಷವೂ ಮೀನಿನ ಜೀವದ ಪ್ರಶ್ನೆ.

ಫ್ಲೈ ರಾಡಿಗಷ್ಟೇ ಮೀಸಲಾದ ನೀರಿದ್ದರೆ ಅಲ್ಲಿ ನಿಯಮ ಪಾಲಿಸಲಿ. ಇದನ್ನು ‘ಫ್ಲೈ ಫಿಶಿಂಗ್’ ಅಂತ ಕರೆಯದಿದ್ದರೂ ನಮ್ಮ ತಕರಾರಿಲ್ಲ. ಆದರೆ ಕಾಸ್ಟಿಂಗ್ ರಾಡ್ ಹಿಡಿದು ಫ್ಲೈ ಕಟ್ಟಿಕೊಂಡು ಬಂದವನನ್ನು ನಕ್ಕು ಓಡಿಸಿದರೆ, ಅವನು ನಾಳೆ ಮತ್ತೆ ಒಂಬತ್ತು ಮೊನೆಯ ಪ್ಲಗ್ ಕಟ್ಟಿಕೊಂಡೇ ಬರ್ತಾನೆ.