ಹಗ್ಗ ಹೊಸೆದರೆ ಸಾಲದು, ಸಂತೆಗೂ ಹೋಗಬೇಕು



ಸಾಫ್ಟ್‌ವೇರ್ ವೃತ್ತಿಯಲ್ಲಿರುವ ಭಕ್ತರಲ್ಲಿ ಅನೇಕರು ವರ್ಷಗಟ್ಟಲೆ ನಿದ್ದೆಗೆಟ್ಟು ತಮ್ಮದೇ ಆದ ತಂತ್ರಾಂಶವೊಂದನ್ನು ಕಟ್ಟುತ್ತಾರೆ. ಆದರೆ ಅದು ಉದ್ಯಮವಾಗುವುದಿಲ್ಲ. ಏಕೆಂದು ಕೇಳಿದರೆ, "ನಮ್ಮದು ಕಾಯಕ, ಮಾರುವುದು ವ್ಯಾಪಾರಿಗಳ ಕೆಲಸ" ಎನ್ನುತ್ತಾರೆ. ಈ ಮಾತು ಕೇಳಲು ವೈರಾಗ್ಯದಂತಿದೆ. ವಾಸ್ತವವಾಗಿ ಇದು ಕಾಯಕತತ್ತ್ವಕ್ಕೆ ಎಸಗುವ ಅಪಚಾರ.

ನುಲಿಯ ಚಂದಯ್ಯನವರನ್ನು ನೆನೆಯಿರಿ. ಹುಲ್ಲು ಕೊಯ್ದರು, ಹಗ್ಗ ಹೊಸೆದರು, ಅದನ್ನು ಮಾರಿದರು. ಬಂದ ಹಣದಿಂದ ಜಂಗಮ ದಾಸೋಹ ನಡೆಸಿದರು. ಹೊಸೆದ ಹಗ್ಗವನ್ನು ಮನೆಯಲ್ಲೇ ಪೇರಿಸಿಟ್ಟು "ಎಂಥ ನುಣುಪು!" ಎಂದು ಹಿಗ್ಗುತ್ತ ಕುಳಿತಿದ್ದರೆ ದಾಸೋಹವೆಲ್ಲಿಂದ ಬರುತ್ತಿತ್ತು? ಕೈಜಾರಿ ಬಿದ್ದ ಇಷ್ಟಲಿಂಗವೇ ಬೆನ್ನುಹತ್ತಿ ಬಂದಾಗ, ಆ ಲಿಂಗದ ಕೈಗೂ ಹಗ್ಗ ಕೊಟ್ಟು ಮಾರಲು ಕಳುಹಿಸಿದರೆಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಲಿಂಗಕ್ಕೆ ಕೀಳೆನಿಸದ ಮಾರಾಟ ನಮಗೆ ಕೀಳಾಯಿತೇ?

ಸಂತೆಗೆ ಹೋದವನಿಗಷ್ಟೇ ಕೊಳ್ಳುವವನ ಕಷ್ಟ ತಿಳಿಯುತ್ತದೆ. ಬಾವಿಯ ಆಳವನ್ನು ಕೇಳದೆ ಹೊಸೆದ ಹಗ್ಗ ಎಷ್ಟೇ ಗಟ್ಟಿಯಾದರೂ ಕೊಡ ನೀರು ಮುಟ್ಟದು. ನಮ್ಮ ತಂತ್ರಜ್ಞರು ಕೊಡವನ್ನೇ ನೋಡದೆ ಹಗ್ಗಕ್ಕೆ ಹೊಸ ಹೊಸ ಎಳೆಗಳನ್ನು ಸೇರಿಸುತ್ತಾರೆ. ಯಾರಿಗೂ ಬೇಡವಾದಾಗ ಲೋಕವನ್ನು ದೂರುತ್ತಾರೆ.

ಬೇಕಾದದ್ದನ್ನು ಕಟ್ಟಿಯೂ ಬೆಲೆ ಕೇಳದವರ ಪಾಡು ಬೇರೆ. ಅಂತರಜಾಲದ ಗೌಪ್ಯತೆಯನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವನ್ನು ಲೋಕದ ಅಸಂಖ್ಯ ಜಾಲತಾಣಗಳು ನೆಚ್ಚಿಕೊಂಡಿದ್ದವು. 2014ರಲ್ಲಿ ಅದರಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಭಾರೀ ದೋಷ ಬಯಲಾದಾಗ, ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರವೆಂದೂ, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ ಎಂದೂ ಜಗತ್ತಿಗೆ ತಿಳಿಯಿತು. ಇದನ್ನು ದಾಸೋಹವೆನ್ನಲಾದೀತೇ? ದುಡಿಯುವವನು ಬಳಲಿದರೆ ದಾಸೋಹವೂ ಬಳಲುತ್ತದೆ.

ಇದಕ್ಕೆ ಪ್ರತಿಯಾಗಿ ರೆಡ್ ಹ್ಯಾಟ್ ಸಂಸ್ಥೆ ಲಿನಕ್ಸ್‌ನ ಮೂಲಸಂಕೇತವನ್ನು ಬಚ್ಚಿಡಲಿಲ್ಲ. ಅದು ಮಾರಿದ್ದು ಹೊಣೆಗಾರಿಕೆಯನ್ನು: ಕೆಟ್ಟರೆ ಸರಿಪಡಿಸುತ್ತೇವೆ, ಬಹುಕಾಲ ಜೊತೆಗಿರುತ್ತೇವೆ ಎಂಬ ಭರವಸೆಯನ್ನು. 2019ರಲ್ಲಿ ಐಬಿಎಂ ಆ ಸಂಸ್ಥೆಯನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ಕೊಳ್ಳುವವನಿಗೆ ಬೇಕಾದದ್ದು ಸಂಕೇತದ ಸಾಲುಗಳಷ್ಟೇ ಅಲ್ಲ, ನೆಚ್ಚಿಕೆ.

"ಹಣ ಕೇಳುವುದು ಆಸೆಯಲ್ಲವೇ?" ಎಂದೀರಿ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಕ್ಕೆ ಕಳುಹಿಸಿದರು. ಆಕೆ ತಡೆದದ್ದು ಹೆಚ್ಚಿನದನ್ನು. ಕಾಯಕದಿಂದ ಬಂದ ಸಲ್ಲುವ ಅಳತೆಯನ್ನಲ್ಲ. ಸಲ್ಲುವ ಬೆಲೆಯನ್ನು ಕೇಳಲು ನಾಚುವುದು ವೈರಾಗ್ಯವಲ್ಲ. ಬಹುಪಾಲು ಅದು "ಬೇಡ" ಎನ್ನಿಸಿಕೊಳ್ಳುವ ಭಯ. ತಿರಸ್ಕಾರಕ್ಕೆ ಅಂಜಿ ಮನೆಯಲ್ಲಿ ಅಡಗಿದ ಅಹಂಕಾರಕ್ಕೆ ಕಾಯಕವೆಂಬ ಪವಿತ್ರ ಹೆಸರನ್ನು ಹೊದಿಸಬೇಡಿ.

ಹೊಸೆಯುವುದು ಅರ್ಧ ಕಾಯಕ. ಹೆಗಲಿಗೆ ಹಗ್ಗವೇರಿಸಿ ಸಂತೆಗೆ ನಡೆಯುವುದು ಉಳಿದರ್ಧ. ಎರಡೂ ಕೂಡಿದಲ್ಲಿ ಮಾತ್ರ ದಾಸೋಹ.